ಎಣ್ಣೆ ಕುಡಿದ ಹಸಿರು ಕಲ್ಲು: ಪಚ್ಚೆ ಕೊಳ್ಳುವ ಮುಂಚೆ, ಕೊಂಡ ಮೇಲೆ

ಕೊಪ್ಪಳದ ನಮ್ಮ ಓಣಿಯಲ್ಲಿ ಮದುವೆ ಸೀಸನ್ ಶುರುವಾಯಿತೆಂದರೆ ಯಾರಾದರೊಬ್ಬರು ಮನೆಗೆ ಬರುತ್ತಾರೆ. ಕರ್ಚೀಫಿನ ಗಂಟು ಬಿಚ್ಚಿ ಅಂಗೈ ಮೇಲೆ ಹಸಿರು ಹರಳು ಇಟ್ಟು ಕೇಳುತ್ತಾರೆ: "ಅಕ್ಕಾ, ಇದು ಖರೇ ಪಚ್ಚೆನಾ?" ನನ್ನ ಸೋದರಮಾವ ಪತ್ತಾರ ಕೆಲಸ ಮಾಡುತ್ತಿದ್ದರು. ಅವರ ಅಗ್ಗಿಷ್ಟಿಕೆ ಪಕ್ಕ ಕೂತು ಬೆಳೆದವಳು ಅಂತ ನನ್ನ ಮೇಲೆ ಜನಕ್ಕೆ ಸ್ವಲ್ಪ ಜಾಸ್ತಿಯೇ ನಂಬಿಕೆ. ಕಣ್ಣಲ್ಲಿ ನೋಡಿ ಹೌದು, ಅಲ್ಲ ಎಂದು ಹೇಳಿಬಿಡುವಷ್ಟು ಸುಲಭದ ಕಲ್ಲು ಇದಲ್ಲ. ಆದರೆ ಬಂದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: "ಇದರೊಳಗೆ ಬಿರುಕು ಕಾಣ್ತದಾ?" "ಇಲ್ಲಕ್ಕಾ, ನೀರಿನಂಗ ಸ್ವಚ್ಛ ಐತಿ" ಅಂದರೆ ನನಗೆ ಅನುಮಾನ ಶುರು.

ಪಚ್ಚೆ ಅಂದರೆ ಬಿರುಕಿನ ಕಲ್ಲು. ಆ ಬಿರುಕಿನೊಳಗೆ ಎಣ್ಣೆ ತುಂಬಿರುತ್ತಾರೆ. ಈ ಎರಡು ಮಾತು ತಲೆಯಲ್ಲಿದ್ದರೆ ಕೊಳ್ಳುವಾಗ ಏನು ಕೇಳಬೇಕು, ಕೊಂಡ ಮೇಲೆ ಯಾಕೆ ಜೋಪಾನ ಮಾಡಬೇಕು ಎಲ್ಲ ತಾನಾಗಿ ಅರ್ಥವಾಗುತ್ತದೆ.

ಇದು ಎಂಥ ಕಲ್ಲು

ಬೆರಿಲ್ ಎಂಬ ಖನಿಜದ ಹಸಿರು ರೂಪವೇ ಪಚ್ಚೆ. ಶುದ್ಧ ಬೆರಿಲ್‌ಗೆ ಬಣ್ಣವೇ ಇಲ್ಲ. ಅದು ಹುಟ್ಟುವಾಗ ಚೂರು ಕ್ರೋಮಿಯಂ ಅಥವಾ ವೆನೇಡಿಯಂ ಸೇರಿದರೆ ಹಸಿರಾಗುತ್ತದೆ. ತೊಂದರೆ ಏನೆಂದರೆ ಬೆರಿಲ್‌ಗೆ ಬೇಕಾದ ಬೆರಿಲಿಯಂ ಸಿಗುವುದು ಒಂದು ಥರದ ಶಿಲೆಯಲ್ಲಿ, ಕ್ರೋಮಿಯಂ ಸಿಗುವುದು ಇನ್ನೊಂದು ಥರದ ಶಿಲೆಯಲ್ಲಿ. ಎರಡೂ ಕೂಡಬೇಕಾದರೆ ಭೂಮಿಯೊಳಗೆ ಸಾಕಷ್ಟು ಒತ್ತಡ, ಬಿಸಿ ದ್ರವದ ಓಡಾಟ ಎಲ್ಲ ನಡೆಯಬೇಕು. ಆ ಗಲಾಟೆಯಲ್ಲೇ ಹುಟ್ಟಿದ ಹರಳು, ಹುಟ್ಟುವಾಗಲೇ ಮೈತುಂಬ ಗಾಯ ಮಾಡಿಕೊಂಡಿರುತ್ತದೆ. ಯುರೋಪಿನ ವ್ಯಾಪಾರಿಗಳು ಒಳಗಿನ ಈ ಎಳೆ, ಬಿರುಕು, ಮಚ್ಚೆಗಳಿಗೆ 'ತೋಟ' ಅಂತ ಮುದ್ದಿನ ಹೆಸರಿಟ್ಟಿದ್ದಾರೆ. ನನಗಂತೂ ಪಾಚಿ ಕಟ್ಟಿದ ಹಳೇ ಬಾವಿಯ ನೀರು ಇಣುಕಿ ನೋಡಿದ ಹಾಗೆ ಕಾಣುತ್ತದೆ.

ಗಡಸುತನದ ಅಳತೆಯಲ್ಲಿ ವಜ್ರ 10, ಪಚ್ಚೆ 7.5ರಿಂದ 8. ಹಾಗಾಗಿ ಸುಲಭಕ್ಕೆ ಗೀರು ಬೀಳುವುದಿಲ್ಲ. ಆದರೆ ಗೀರು ಬೀಳದಿರುವುದು ಬೇರೆ, ಒಡೆಯದಿರುವುದು ಬೇರೆ. ಬಿರುಕಿರುವ ಕಡೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಪಚ್ಚೆ ಅಂದರೆ ಹಸಿರು, ಅಷ್ಟೇ. ನಮ್ಮ ಅಜ್ಜಿಯರ ಕೈಮೇಲಿನ ಹಚ್ಚೆಯೂ ಇದೇ ಪದ, ಹಳಗನ್ನಡದ ಪಕಾರ ಹಕಾರವಾಗಿದೆ. ಮರಕತ ಸಂಸ್ಕೃತದ ಹೆಸರು. ರಾಯಚೂರು ಕಡೆ ಉರ್ದು, ಹಿಂದಿ ಬೆರೆತ ವ್ಯಾಪಾರದಲ್ಲಿ ಪನ್ನಾ ಅಂತಲೂ ಕೇಳಿಸುತ್ತದೆ. ಮೂರೂ ಒಂದೇ ಕಲ್ಲು, ಹೆಸರು ಬದಲಾಯಿಸಿ ರೇಟು ಬದಲಾಯಿಸುವವರಿದ್ದಾರೆ, ಹುಷಾರು.

"ಕೃಷ್ಣದೇವರಾಯನ ಕಾಲದ್ದು" ಅಂದರೆ ಏನು ಲೆಕ್ಕ ಹಾಕಬೇಕು

ನಮ್ಮ ಭಾಗದಲ್ಲಿ ಹಳೇ ಹರಳು ಮಾರುವವರು ಈ ಮಾತು ಬಿಡುವುದೇ ಇಲ್ಲ. ಪೂರ್ತಿ ಸುಳ್ಳಿನ ಮೇಲೆ ನಿಂತ ಮಾತೂ ಅಲ್ಲ, ಅದೇ ತಮಾಷೆ. 1443ರಲ್ಲಿ ಬಂದ ಪರ್ಷಿಯಾದ ಅಬ್ದುರ್ ರಜಾಕ್, ವಿಜಯನಗರದ ಬಜಾರಿನಲ್ಲಿ ಮುತ್ತು, ಮಾಣಿಕ್ಯ, ವಜ್ರ, ಪಚ್ಚೆಗಳನ್ನು ಬಹಿರಂಗವಾಗಿ ಮಾರುತ್ತಿದ್ದರು ಎಂದು ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಕೂಡ ಅಲ್ಲಿನ ಬೀದಿಯಲ್ಲಿ ಪಚ್ಚೆ ಸಿಗುತ್ತಿತ್ತು ಅನ್ನುತ್ತಾನೆ. ಹಂಪಿ ಈಗ ವಿಜಯನಗರ ಜಿಲ್ಲೆಗೆ ಸೇರಿದೆ. ಹೊಳೆಯ ಈಚೆ ದಡದ ಆನೆಗೊಂದಿ ನಮ್ಮ ಕೊಪ್ಪಳದ್ದೇ.

ಆದರೆ ಅವರು ನೋಡಿದ ಪಚ್ಚೆ ಎಲ್ಲಿಯದು? ಇವತ್ತು ಎಲ್ಲರೂ ಹೊಗಳುವ ಕೊಲಂಬಿಯಾದ ಗಣಿಗಳು ಸ್ಪೇನಿನವರ ಕಣ್ಣಿಗೆ ಬಿದ್ದದ್ದೇ 1530ರ ದಶಕದಲ್ಲಿ. ಕೃಷ್ಣದೇವರಾಯ 1529ಕ್ಕೆ ತೀರಿಕೊಂಡಿದ್ದ. ಹಾಗಾಗಿ ಪಾಯೆಸ್ ಕಂಡ ಪಚ್ಚೆ ಕೊಲಂಬಿಯಾದ್ದಾಗಿರಲು ಸಾಧ್ಯವೇ ಇಲ್ಲ. ಹಳೆಯ ಕಾಲಕ್ಕೆ ಹೆಸರಾಗಿದ್ದ ಗಣಿ ಈಜಿಪ್ಟಿನದು, ಕೆಂಪು ಸಮುದ್ರದ ಹತ್ತಿರದ ಮರುಭೂಮಿಯ ಬೆಟ್ಟಗಳಲ್ಲಿ. ಅಲ್ಲಿನ ಹರಳು ಹೆಚ್ಚಾಗಿ ಮಂಕು, ಮೋಡ ಕವಿದಂತೆ. ಈಗಿನ ಪಾಕಿಸ್ತಾನದ ಸ್ವಾತ್ ಕಣಿವೆಯ ಪಚ್ಚೆಯೂ ರೋಮನ್ನರ ಕಾಲದಲ್ಲೇ ದೂರದೂರಕ್ಕೆ ಹೋಗಿತ್ತು. ಹಾಗಾಗಿ "ರಾಯರ ಕಾಲದ್ದು, ಅಸಲಿ ಕೊಲಂಬಿಯಾ ಮಾಲು" ಎಂದು ಒಂದೇ ಉಸಿರಿನಲ್ಲಿ ಹೇಳುವವನಿಗೆ ಕೈ ಮುಗಿದು ಹೊರಗೆ ಬನ್ನಿ.

ಕೊಲಂಬಿಯಾದ ಪಚ್ಚೆ ಆಮೇಲೆ ಬಂತು, ಸ್ಪೇನ್ ಮತ್ತು ಪೋರ್ಚುಗಲ್ಲಿನ ಹಡಗುಗಳಲ್ಲಿ, ಗೋವಾ ದಾರಿಯಲ್ಲೂ. ಮೊಘಲರು, ದಖನ್ನಿನ ಸುಲ್ತಾನರು ಅದರ ಮೇಲೆ ಪ್ರಾಣ ಇಟ್ಟುಕೊಂಡಿದ್ದರು. 1695ರಲ್ಲಿ ಕೆತ್ತಿದ ಒಂದು ಪಚ್ಚೆ 217.80 ಕ್ಯಾರೆಟ್ ಇದೆ. ಒಂದು ಬದಿಗೆ ಪ್ರಾರ್ಥನೆ, ಇನ್ನೊಂದು ಬದಿಗೆ ಹೂವು. 2001ರಲ್ಲಿ ಅದು ಹರಾಜಾಯಿತು. ರಾಯಚೂರು, ಕೊಪ್ಪಳದವರಿಗೆ ಇನ್ನೂ ಹತ್ತಿರದ ಕಥೆ ನಿಜಾಮರದು. 1948ರವರೆಗೆ ನಾವು ಅವರ ರಾಜ್ಯದಲ್ಲೇ ಇದ್ದವರು ತಾನೇ. ಅವರ ಒಡವೆಗಳ 173 ನಗಗಳನ್ನು ಭಾರತ ಸರ್ಕಾರ 1995ರಲ್ಲಿ 218 ಕೋಟಿ ರೂಪಾಯಿಗೆ ಕೊಂಡಿತು. ನಿಜಾಮರ ಸಂಗ್ರಹದ್ದೆಂದು ಬಂದ ಕೆಲವು ಹಳೇ ಪಚ್ಚೆಗಳನ್ನು ವಿಜ್ಞಾನಿಗಳು ಆಮ್ಲಜನಕದ ಐಸೊಟೋಪ್ (ಅದರ ಹಗುರ, ಭಾರದ ಪರಮಾಣುಗಳ ಪ್ರಮಾಣ, ಕಲ್ಲು ಯಾವ ಗಣಿಯದೆಂಬುದಕ್ಕೆ ಸುಳಿವು) ಅಳೆದು ನೋಡಿದಾಗ, ಅವುಗಳಲ್ಲಿ ಕೊಲಂಬಿಯಾದ ಕಲ್ಲುಗಳಿದ್ದವು.

ಈಗ ನಮ್ಮ ಅಂಗಡಿಗಳಿಗೆ ಬರುವುದರಲ್ಲಿ ಜಾಂಬಿಯಾ, ಬ್ರೆಜಿಲ್‌ನ ಕಲ್ಲು ಜಾಸ್ತಿ. ಅದಕ್ಕೆ ಕಟಿಂಗ್, ಪಾಲಿಶ್ ಆಗುವುದು ಬಹುತೇಕ ಜೈಪುರದಲ್ಲಿ.

ಅಂಗಡಿಗೆ ಹೋದಾಗ

ಮೊದಲು ಬಣ್ಣ ನೋಡಿ. ಅಂಗಡಿಯ ಕೌಂಟರ್ ಮೇಲಿನ ಲೈಟಿಗೆ ಗಾಜಿನ ಚೂರೂ ಮಿಂಚುತ್ತದೆ. ಮುಜುಗರ ಪಡದೆ ಹರಳನ್ನು ಬಾಗಿಲ ಹತ್ತಿರ ತಂದು, ನೆರಳಿನ ಹಗಲು ಬೆಳಕಿನಲ್ಲಿ ಹಿಡಿಯಿರಿ. ನಮ್ಮ ಮಧ್ಯಾಹ್ನದ ಬಿಸಿಲು ಬೇಡ, ಅದರಲ್ಲಿ ಎಲ್ಲ ಬಣ್ಣ ತೊಳೆದಂತೆ ಕಾಣುತ್ತದೆ. ಬೆಳಿಗ್ಗೆ ಹತ್ತು, ಹನ್ನೊಂದರ ಹೊತ್ತು ಒಳ್ಳೆಯದು. ಗಾಢ ಹಸಿರು, ಚೂರು ನೀಲಿ ಬೆರೆತಿದ್ದರೂ ಸರಿ, ಒಳಗಿಂದ ಬೆಳಕು ಬರುವಂತಿರಬೇಕು. ಹಳದಿ ಕಡೆ ವಾಲಿದರೆ, ಕಪ್ಪಗಾದರೆ, ತೀರಾ ಪೇಲವವಾದರೆ ಬೆಲೆ ಇಳಿಯುತ್ತದೆ. ಹರಳಿನ ನಡುವೆ ಬಣ್ಣವೇ ಇಲ್ಲದೆ ಕೆಳಗಿನ ಬೆರಳು ಕಾಣುತ್ತಿದ್ದರೆ ಕಟಿಂಗ್ ಕೆಟ್ಟಿದೆ ಅಂತ ಅರ್ಥ. ಕೊಲಂಬಿಯಾದ್ದು ಶುದ್ಧ ಹಸಿರು, ಜಾಂಬಿಯಾದ್ದು ನೀಲಿ ಛಾಯೆ ಅಂತ ವಾಡಿಕೆಯ ಮಾತಿದೆ. ಬಣ್ಣ ನೋಡಿ ಊರು ಹೇಳುವವರನ್ನು ಮಾತ್ರ ನಂಬಬೇಡಿ. ಊರಿನ ಹೆಸರಿಗೆ ಜಾಸ್ತಿ ದುಡ್ಡು ಕೇಳಿದರೆ ಅದಕ್ಕೆ ಲ್ಯಾಬಿನ ಕಾಗದ ಬೇಕು.

ಆಮೇಲೆ ಬಿರುಕು. 10 ಪಟ್ಟು ದೊಡ್ಡದು ಮಾಡಿ ತೋರಿಸುವ ಲೂಪ್ ಅಂಗಡಿಯಲ್ಲಿರುತ್ತದೆ, ಕೇಳಿ ಇಸಿದುಕೊಳ್ಳಿ. ಒಳಗೆ ಎಳೆಗಳಿರುವುದು ತಪ್ಪಲ್ಲ. ನೋಡಬೇಕಾದ್ದು ಎರಡು: ಬಿರುಕು ಹರಳಿನ ಮೇಲ್ಮೈಗೆ ಬಂದು ಬಾಯಿ ತೆರೆದಿದೆಯಾ? ಮೂಲೆಯಿಂದ ಮೂಲೆಗೆ ಓಡಿದೆಯಾ? ಉಗುರು ಮೆಲ್ಲಗೆ ಎಳೆದಾಗ ತಡೆದರೆ ಆ ಕಲ್ಲು ಉಂಗುರಕ್ಕೆ ಬೇಡ. ಕಿವಿಯೋಲೆಗೋ ಪದಕಕ್ಕೋ ಆದೀತು, ಅಲ್ಲಿ ಪೆಟ್ಟು ಕಡಿಮೆ. ಒಳಗೆ ಗುಂಡಗಿನ ಗುಳ್ಳೆ ಕಂಡರೆ ಗಾಜು. ಹರಳನ್ನು ನೀರಿನಲ್ಲಿ ಮುಳುಗಿಸಿ ಪಕ್ಕದಿಂದ ನೋಡಿದಾಗ ನಡುವೆ ಬಣ್ಣದ ಗೆರೆ ಅಡ್ಡಡ್ಡ ಕಂಡರೆ, ಎರಡು ಬಿಳಿ ಚೂರು ನಡುವೆ ಹಸಿರು ಅಂಟು ಹಾಕಿದ್ದು.

ಹಾಲಿನ ಪರೀಕ್ಷೆ ಬಗ್ಗೆ ಕೇಳಿರುತ್ತೀರಿ. ಪಚ್ಚೆಯನ್ನು ಹಾಲಿಗೆ ಹಾಕಿದರೆ ಹಾಲು ಹಸಿರಾಗುತ್ತದಂತೆ. ಹಸಿರು ಸೋಡಾ ಬಾಟ್ಲಿಯ ಚೂರು ಹಾಕಿದರೂ ಆ ನೋಟ ಬರುತ್ತದೆ. ಹಾಲು ಸುಮ್ನೆ ಹಾಳು, ಬಿರುಕಿನಲ್ಲಿ ಜಿಡ್ಡು ಬೇರೆ. ಉಸಿರು ಬಿಟ್ಟು ಮಂಜು ಎಷ್ಟು ಬೇಗ ಹೋಗುತ್ತದೆ ನೋಡುವುದೂ ಅಷ್ಟರಲ್ಲೇ ಇದೆ, ಗಾಜನ್ನು ಹಿಡಿಯಬಹುದೇನೋ, ಲ್ಯಾಬಿನಲ್ಲಿ ಬೆಳೆಸಿದ ಪಚ್ಚೆಯನ್ನು ಹಿಡಿಯಲ್ಲ. ಅದು ರಾಸಾಯನಿಕವಾಗಿ ಪಚ್ಚೆಯೇ. ಅಮೆರಿಕದಲ್ಲಿ 1930ರ ದಶಕದಲ್ಲೇ ಬೆಳೆಸಿದ್ದರು. ಕೆಟ್ಟ ಕಲ್ಲೇನಲ್ಲ, ನೋಡಲು ಚೆಂದ. ನಿಸರ್ಗದ್ದು ಅಂತ ಹೇಳಿ ಆ ಬೆಲೆಗೆ ಮಾರಿದರೆ ಮಾತ್ರ ಮೋಸ. ಹಸಿರು ಓನಿಕ್ಸ್, ಬಣ್ಣ ಹಾಕಿದ ಕ್ವಾರ್ಟ್ಜ್, ಪೆರಿಡಾಟ್ ಕೂಡ 'ಪಚ್ಚೆ' ಅಂತಲೇ ಸಂತೆಯಲ್ಲಿ ಓಡಾಡುತ್ತವೆ.

ಇನ್ನು ಎಣ್ಣೆ. ಇದನ್ನು ಕೇಳದೆ ದುಡ್ಡು ಎಣಿಸಬೇಡಿ. "ಇದಕ್ಕೆ ಏನು ತುಂಬಿದ್ದೀರಿ? ಎಷ್ಟು?" ಅನ್ನುವುದೇ ಪ್ರಶ್ನೆ. ಬಿರುಕಿನೊಳಗೆ ಬಣ್ಣವಿಲ್ಲದ ಎಣ್ಣೆ, ಹೆಚ್ಚಾಗಿ ದೇವದಾರು ಜಾತಿಯ ಸೀಡರ್ ಮರದ್ದು, ತುಂಬುವುದು ಶತಮಾನಗಳಿಂದ ಬಂದ ರೂಢಿ. ಎಣ್ಣೆಯೊಳಗೆ ಬೆಳಕು ಬಾಗುವ ರೀತಿ ಗಾಳಿಗಿಂತ ಪಚ್ಚೆಗೆ ಹತ್ತಿರ. ಅದಕ್ಕೇ ಗಾಳಿ ತುಂಬಿದ ಬಿರುಕು ಬೆಳ್ಳಗೆ ಹೊಳೆಯುತ್ತದೆ, ಎಣ್ಣೆ ತುಂಬಿದ್ದು ಕಣ್ಮರೆಯಾಗುತ್ತದೆ. ಒದ್ದೆಯಾದಾಗ ಕಡಪ ಕಲ್ಲಿನ ಗೀರು ಮಾಯವಾಗುತ್ತಲ್ಲ, ಹಾಗೇ. ವ್ಯಾಪಾರದಲ್ಲಿ ಇದು ಒಪ್ಪಿತ. ಎಣ್ಣೆ ಬದಲು ರೆಸಿನ್, ಅಂದರೆ ಅಂಟಿನಂಥ ರಾಳ, ತುಂಬಿದ್ದರೆ ಬೆಲೆ ಕಡಿಮೆ ಆಗಬೇಕು. ಹಸಿರು ಬಣ್ಣ ಕಲಸಿದ ಎಣ್ಣೆ ತುಂಬಿದ್ದರೆ ಅದು ಮೋಸವೇ. ಲ್ಯಾಬ್ ರಿಪೋರ್ಟಿನಲ್ಲಿ ತುಂಬಿದ ಪ್ರಮಾಣವನ್ನು ಮೈನರ್, ಮಾಡರೇಟ್, ಸಿಗ್ನಿಫಿಕೆಂಟ್ ಅಂತ ಬರೆಯುತ್ತಾರೆ: ಸ್ವಲ್ಪ, ಮಧ್ಯಮ, ಜಾಸ್ತಿ. ದಿನಾ ಹಾಕುವ ಉಂಗುರಕ್ಕೆ 'ಜಾಸ್ತಿ' ಬೇಡ ಅನ್ನೋದು ನನ್ನ ಅಭಿಪ್ರಾಯ. ಆ ಕಲ್ಲಿನಲ್ಲಿ ನೀವು ನೋಡುತ್ತಿರುವ ಚೆಲುವಿನ ಅರ್ಧ ಎಣ್ಣೆಯದು.

ರಿಪೋರ್ಟ್ ಯಾವ ಲ್ಯಾಬಿನದು ಅನ್ನುವುದೂ ಮುಖ್ಯ. ಜಿಐಎ, ಐಜಿಐ, ಜೈಪುರದ ಐಐಜಿಜೆ-ಆರ್‌ಎಲ್‌ಸಿ (ಮೊದಲು ಇದರ ಹೆಸರು ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ) ಇವೆಲ್ಲ ಹೆಸರಾದವು. ಅಂಗಡಿಯವರೇ ಪ್ರಿಂಟ್ ಹಾಕಿ, ಲ್ಯಾಮಿನೇಶನ್ ಮಾಡಿ ಕೊಡುವ ಬಣ್ಣದ ಕಾರ್ಡಿಗೆ ಮೂರು ಕಾಸಿನ ಬೆಲೆ ಇಲ್ಲ. ರಿಪೋರ್ಟಿನ ನಂಬರನ್ನು ಲ್ಯಾಬಿನ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ತೂಕ ಮತ್ತು ಅಳತೆ ಹೊಂದುತ್ತದಾ ಅಂತ. ಕಡಿಮೆ ಬೆಲೆಯ ಸಣ್ಣ ಹರಳಿಗೆ ಇಷ್ಟೆಲ್ಲ ಬೇಕಿಲ್ಲ. ಕಳೆದುಕೊಂಡರೆ ಹೊಟ್ಟೆ ಉರಿಯುವಷ್ಟು ಹಣವಾದರೆ ಮಾಡಿಸಿ.

ತೂಕದಲ್ಲೊಂದು ಸೂಕ್ಷ್ಮ ಇದೆ. ಗುಲಗಂಜಿ ಲೆಕ್ಕದ ರತ್ತಿಯನ್ನು ಕೆಲವರು 0.12 ಗ್ರಾಂ ಅಂತ ಹಿಡಿಯುತ್ತಾರೆ, ಕೆಲವರು 0.18 ಗ್ರಾಂ. "ಐದು ರತ್ತಿ" ಅಂದರೆ ಯಾವ ರತ್ತಿ? ಈ ಜಗಳವೇ ಬೇಡ, ಕ್ಯಾರೆಟ್‌ನಲ್ಲಿ ಕೇಳಿ. 1 ಕ್ಯಾರೆಟ್ ಅಂದರೆ 0.2 ಗ್ರಾಂ, ಎಲ್ಲ ಕಡೆ ಒಂದೇ. ಇನ್ನೊಂದು, ಪಚ್ಚೆ ವಜ್ರಕ್ಕಿಂತ ಹಗುರ. ಅದಕ್ಕೇ ಅದೇ ಕ್ಯಾರೆಟ್ಟಿನ ವಜ್ರಕ್ಕಿಂತ ನೋಡಲು ದೊಡ್ಡದಾಗಿರುತ್ತದೆ.

ಬಿಲ್ಲು

ಇದನ್ನು ಬೇರೆಯಾಗಿಯೇ ಹೇಳಬೇಕು. ಮಾವ ಅನ್ನುತ್ತಿದ್ದರು, "ಕಲ್ಲು ನೋಡೂದು ಆಮ್ಯಾಲ ತಂಗಿ, ಮೊದಲ ಚೀಟಿ ನೋಡು." ಒಡವೆಯ ಮೇಲಿನ ಹಾಲ್‌ಮಾರ್ಕ್, ಆರು ಅಕ್ಷರ-ಅಂಕಿಯ ಎಚ್‌ಯುಐಡಿ ಇವೆಲ್ಲ ಚಿನ್ನದ ಶುದ್ಧತೆಗೆ ಮಾತ್ರ. ಹರಳು ಅಸಲಿಯಾ ನಕಲಿಯಾ ಅನ್ನುವುದಕ್ಕೂ ಅದಕ್ಕೂ ಸಂಬಂಧವಿಲ್ಲ. "ಹಾಲ್‌ಮಾರ್ಕ್ ಐತಲ್ರೀ" ಅಂತ ಕಲ್ಲಿನ ಪ್ರಶ್ನೆಯನ್ನು ತಳ್ಳಿಹಾಕಿದರೆ ಒಪ್ಪಬೇಡಿ.

ಬಿಲ್ಲಿನಲ್ಲಿ ಒಡವೆಯ ಒಟ್ಟು ತೂಕ, ಹರಳಿನ ತೂಕ, ಹರಳು ಕಳೆದು ಉಳಿದ ಚಿನ್ನದ ತೂಕ ಮೂರೂ ಬೇರೆ ಬೇರೆ ಇರಬೇಕು. ಇಲ್ಲದಿದ್ದರೆ ನೀವು ಕಲ್ಲಿಗೂ ಚಿನ್ನದ ರೇಟು ಕೊಟ್ಟಿರುತ್ತೀರಿ. ಹರಳಿನ ಜಾಗದಲ್ಲಿ 'ಸ್ಟೋನ್' ಅಂತ ಗೀಚಿದರೆ ಸಾಲದು. "ನೈಸರ್ಗಿಕ ಪಚ್ಚೆ, ಇಷ್ಟು ಕ್ಯಾರೆಟ್, ಎಣ್ಣೆ ತುಂಬಿದ್ದು" ಎಂದು ಬರೆಸಿ. ವಾಪಸ್ ಕೊಟ್ಟರೆ ಎಷ್ಟು ಕಳೆಯುತ್ತೀರಿ ಅಂತಲೂ ಆಗಲೇ ಕೇಳಿ. ಮುಂದೆ ಮೋಸ ಅಂತ ಗೊತ್ತಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಎರಡಕ್ಕೂ ಆ ಬಿಲ್ಲೇ ಆಧಾರ.

ಕಟ್ಟಿಸುವಾಗ

ಉಂಗುರಕ್ಕಾದರೆ ಹರಳಿನ ಸುತ್ತ ಚಿನ್ನದ ಅಂಚು ಬರುವಂತೆ ಕಟ್ಟಿಸಿ. ನಾಲ್ಕು ಮುಳ್ಳಿನ ಮೇಲೆ ಕೂರಿಸಿದ್ದು ಜಾಸ್ತಿ ಹೊಳೆಯುತ್ತದೆ ನಿಜ, ಆದರೆ ಅಡ್ಡ ಪೆಟ್ಟು ನೇರ ಕಲ್ಲಿಗೇ. ಚೌಕದ ನಾಲ್ಕೂ ಮೂಲೆ ಕತ್ತರಿಸಿದ ಕಟಿಂಗ್‌ಗೆ ಪಚ್ಚೆಯದೇ ಹೆಸರು ಬಂದದ್ದು ಸುಮ್ಮನಲ್ಲ, ಚೂಪು ಮೂಲೆ ಬೇಗ ಮುರಿಯುತ್ತದೆ.

ಬುಧನಿಗೆ ಅಂತ ಕಿರುಬೆರಳಿಗೆ ಹಾಕುವವರು ಹರಳು ಚರ್ಮಕ್ಕೆ ತಾಗಬೇಕೆಂದು ಹಿಂಬದಿ ತೆರೆದು ಕಟ್ಟಿಸುತ್ತಾರೆ. ಫಲದ ವಾದಕ್ಕೆ ನಾನು ಇಳಿಯುವುದಿಲ್ಲ. ಆದರೆ ಹಾಗೆ ಕಟ್ಟಿಸಿದರೆ ಬೆವರು, ಸೋಪು, ರೊಟ್ಟಿ ಹಿಟ್ಟು ಎಲ್ಲ ಹಿಂದಿನಿಂದ ಸೇರುತ್ತದೆ. ವಾರಕ್ಕೊಮ್ಮೆ ಒರೆಸಲೇಬೇಕು. ಕುಂದಣದ ಕೆಲಸ ಇದಕ್ಕೆ ತದ್ವಿರುದ್ಧ: ಹಿಂಬದಿ ಮುಚ್ಚಿ ಒಳಗೆ ಹೊಳಪಿನ ತಗಡು ಇಟ್ಟಿರುತ್ತಾರೆ. ಅಂಥದ್ದನ್ನು ನೀರಿಗೆ ಅದ್ದಲೇಬಾರದು. ನೀರು ಒಳಗೆ ಸೇರಿ ತಗಡು ಕಪ್ಪಾದರೆ ಕಲ್ಲೇ ಸತ್ತಂತೆ ಕಾಣುತ್ತದೆ.

ಮನೆಯಲ್ಲಿ

ತೊಳೆಯುವುದು ಹೀಗೆ. ಬಟ್ಟಲಲ್ಲಿ ಮಡಕೆಯ ನೀರು ತೆಗೆದುಕೊಳ್ಳಿ. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರಿನ ಮಾಳಿಗೆ ಟ್ಯಾಂಕಿನಿಂದ ಬರುವ ನಲ್ಲಿ ನೀರು ಕೈ ಸುಡುತ್ತದೆ, ಅದು ಬೇಡವೇ ಬೇಡ. ಎರಡು ಹನಿ ಮೆದು ಸೋಪು ಹಾಕಿ, ಮಕ್ಕಳ ಮೆದು ಬ್ರಷ್‌ನಿಂದ ಹರಳಿನ ಹಿಂಬದಿ, ಸಂದುಗಳನ್ನು ನಿಧಾನಕ್ಕೆ ಉಜ್ಜಿ. ಒಂದು ನಿಮಿಷ ಸಾಕು. ನೆನೆಸಿಡಬೇಡಿ, ಸೋಪು ಎಣ್ಣೆಯನ್ನು ಎಳೆಯುತ್ತದೆ. ಸೋಪಿಲ್ಲದ ನೀರಿನಲ್ಲಿ ಜಾಲಿಸಿ ಹಳೇ ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಬೋರ್‌ವೆಲ್ ನೀರು ತಾನಾಗಿ ಆರಲು ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಚಿನ್ನ ಬೆಳಗಲು ಅಂಟುವಾಳದ ನೀರಿನಲ್ಲಿ ಒಡವೆ ಕುದಿಸುವ ಅಭ್ಯಾಸ ಹಲವು ಮನೆಗಳಲ್ಲಿದೆ. ಬರೀ ಚಿನ್ನಕ್ಕೆ ಸರಿ, ಪಚ್ಚೆ ಇದ್ದರೆ ಬೇಡ. ಅಂಗಡಿಯಲ್ಲಿ "ಫ್ರೀ ಕ್ಲೀನಿಂಗ್ ಮಾಡಿಕೊಡ್ತೀವಿ" ಅಂದಾಗಲೂ ಹುಷಾರು. ಗುಂಯ್ ಅನ್ನುವ ಅಲ್ಟ್ರಾಸಾನಿಕ್ ಮಶೀನು, ಹಬೆ ಬಿಡುವ ಮಶೀನು ಎರಡೂ ಪಚ್ಚೆಗೆ ಶತ್ರು. ಬಿರುಕು ಬೆಳೆಯುತ್ತದೆ, ಎಣ್ಣೆ ಹೊರಗೆ ಬರುತ್ತದೆ.

ಉಗುರು ಬಣ್ಣ ತೆಗೆಯುವ ದ್ರವ, ಸ್ಯಾನಿಟೈಸರ್, ಸೆಂಟು ತಾಗಿಸಬೇಡಿ. ರೊಟ್ಟಿ ಬಡಿಯುವಾಗ, ಪಾತ್ರೆ ತೊಳೆಯುವಾಗ ತೆಗೆದಿಡಿ. ಒಲೆ ಹತ್ತಿರದ ಕಿಟಕಿ ಮೇಲಲ್ಲ, ಡಬ್ಬಿಯೊಳಗೆ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ.

ರಿಪೇರಿಯೇ ಎಲ್ಲಕ್ಕಿಂತ ಅಪಾಯದ ಹೊತ್ತು. ನಮ್ಮವ್ವನ ಉಂಗುರ ಬಿಗಿಯಾಗಿತ್ತು. ಮಾವ ತೀರಿಹೋಗಿದ್ದರು, ಊರಿನ ಒಂದು ಅಂಗಡಿಗೆ ಕೊಟ್ಟೆ. ಕಲ್ಲು ಬಿಚ್ಚದೆ ಗ್ಯಾಸ್ ಟಾರ್ಚ್ ಹಿಡಿದು ಉಂಗುರ ಅಗಲ ಮಾಡಿದರು. ವಾಪಸ್ ಬಂದಾಗ ಹಸಿರಿನ ನಡುವೆ ಜೇಡರ ಬಲೆಯಂಥ ಬಿಳಿ ಗೆರೆಗಳು. "ನಿಮ್ಮ ಕಲ್ಲ ಹಂಗ ಇತ್ತು ಬಿಡ್ರಿ" ಅಂದರು. ಹಂಗಿರಲಿಲ್ಲ ಅಂತ ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಅವತ್ತಿನಿಂದ ನಾನು ಮಾಡುವುದು ಇದು. ಕೊಡುವ ಮುಂಚೆ ಫೋನಿಗೆ ಸಣ್ಣ ಮ್ಯಾಕ್ರೊ ಲೆನ್ಸ್ ಸಿಕ್ಕಿಸಿ ಹರಳಿನ ಫೋಟೊ ತೆಗೆಯುತ್ತೇನೆ, ಮೇಲಿನಿಂದ, ಎರಡು ಪಕ್ಕದಿಂದ. ಒಳಗಿನ ಎಳೆಗಳ ವಿನ್ಯಾಸ ಒಂದು ಕಲ್ಲಿನದು ಇನ್ನೊಂದಕ್ಕೆ ಬರುವುದಿಲ್ಲ, ಹೆಬ್ಬೆಟ್ಟಿನ ಗುರುತಿನ ಹಾಗೆ. ಕಲ್ಲು ಅದಲುಬದಲಾದರೂ ಗೊತ್ತಾಗುತ್ತದೆ. ಚೀಟಿಯ ಮೇಲೆ "ಹರಳು ಬಿಚ್ಚಿ ಕೆಲಸ ಮಾಡಬೇಕು" ಎಂದು ಬರೆಸಿ ಸಹಿ ಹಾಕಿಸುತ್ತೇನೆ. ಸಾಧ್ಯವಾದರೆ ಎದುರಿಗೇ ಬಿಚ್ಚಿಸಿ ಹರಳನ್ನು ಮನೆಗೆ ತರುತ್ತೇನೆ.

ಬಿಳಿ ಗೆರೆ ಮೂಡಿದ ಕಲ್ಲಿಗೆ ಮತ್ತೆ ಎಣ್ಣೆ ಹಾಕಿಸಬಹುದು. ಹರಳಿನ ಕೆಲಸ ಬಲ್ಲವರು ಹಳೆಯದನ್ನು ತೊಳೆದು ಹೊಸ ಎಣ್ಣೆ ಇಳಿಸುತ್ತಾರೆ. ನಮ್ಮ ಊರುಗಳಲ್ಲಿ ಮಾಡುವವರು ಸಿಗುವುದು ಕಷ್ಟ, ಜೈಪುರದ ನಂಟಿರುವ ಅಂಗಡಿಯ ಮೂಲಕ ಕಳಿಸಬೇಕಾಗುತ್ತದೆ. ಕಳಿಸುವಾಗ "ಬಣ್ಣವಿಲ್ಲದ ಎಣ್ಣೆ" ಅಂತ ಒತ್ತಿ ಹೇಳಿ. ಮನೆಯಲ್ಲೇ ಕೊಬ್ಬರಿ ಎಣ್ಣೆ ಸವರುವವರಿದ್ದಾರೆ. ಎರಡು ದಿನ ಚೆಂದ ಕಾಣುತ್ತದೆ, ಆಮೇಲೆ ಧೂಳು ಮೆತ್ತುತ್ತದೆ. ಡಿಸೆಂಬರ್ ಚಳಿಗೆ ಬಾಟ್ಲಿಯಲ್ಲಿ ಗಟ್ಟಿಯಾಗುವ ಎಣ್ಣೆ ಕಲ್ಲಿನ ಬಿರುಕಿನಲ್ಲೂ ಗಟ್ಟಿಯಾಗುತ್ತದೆ ಅಲ್ವಾ?

ಎತ್ತಿಡುವಾಗ ಪಚ್ಚೆಯ ಒಡವೆಯನ್ನು ಬೇರೆ ಮೆದು ಬಟ್ಟೆಯಲ್ಲಿ ಸುತ್ತಿ. ವಜ್ರದ ಓಲೆ, ಕೆಂಪು ಹರಳಿನ ಬಳೆ ಜೊತೆ ಒಂದೇ ಚೀಲಕ್ಕೆ ಹಾಕಿದರೆ ಅವು ಇದನ್ನು ಗೀರುತ್ತವೆ. ಬ್ಯಾಂಕ್ ಲಾಕರಿನಲ್ಲಿಟ್ಟು ಹತ್ತು ವರ್ಷ ಮರೆತರೂ ಎಣ್ಣೆ ನಿಧಾನಕ್ಕೆ ಒಣಗುತ್ತದೆ. ವರ್ಷಕ್ಕೊಮ್ಮೆ, ದೀಪಾವಳಿಗೆ ಒಡವೆ ತರಲು ಲಾಕರ್ ತೆಗೆದಾಗ, ಹರಳನ್ನು ಕಿಟಕಿಯ ಬೆಳಕಿಗೆ ಹಿಡಿದು ಹಳೇ ಫೋಟೊ ಜೊತೆ ಹೋಲಿಸಿ. ಹೊಸ ಬಿಳಿ ಗೆರೆ ಕಂಡರೆ ಹಬ್ಬ ಮುಗಿದ ಮೇಲೆ ಲಾಕರಿಗೆ ವಾಪಸ್ ಇಡಬೇಡಿ, ಎಣ್ಣೆ ಹಾಕಿಸಲು ಕಳಿಸಿ.